ಪಾಳಿ

ಗಂಜಿನ ಬೇಳೆ ಮಿಲ್ಲಿನ ಕಾಟಾ ಕೋಣೆಯಲ್ಲಿ
ಹನ್ನೊಂದು ವರ್ಷದಿಂದ ಕೂತಿದ್ದೇನೆ.
ಹೊರಗೆ ತೊಗರಿ ತುಂಬಿದ ಟ್ರ್ಯಾಕ್ಟರು, ಟಂಟಂ, ಲಾರಿ.
ಕಿಟಕಿಗೆ ಬಂದವರದೆಲ್ಲ ಒಂದೇ ಮಾತು:
"ಅಕ್ಕೋರೆ, ನನ್ನ ಮುಂದ ಎಷ್ಟ್ ಗಾಡಿ ಅವರಿ?"

ದಿನಕ್ಕೆ ಇನ್ನೂರು ಸಲ ಎಣಿಸಿ ಹೇಳಿದವಳು
ನಲವತ್ಮೂರನೇ ವಯಸ್ಸಿಗೆ
ತಡಿ, ಇದನ್ನ ಯಂತ್ರಕ್ಕೇ ಕಲಿಸ್ತೀನಿ ಅಂದೆ.
ಮಗಳ ಡಿಪ್ಲೊಮಾ ಪುಸ್ತಕ, ರದ್ದಿಗೆ ಹೋಗಬೇಕಿದ್ದದ್ದು,
ಕಾಟಾ ಚೀಟಿಗಳ ಕಟ್ಟಿನ ಕೆಳಗೆ
ಮೂರು ವಾರ ತೆರೆದೇ ಇತ್ತು.

ಮೇಜಿನ ಕಂಪ್ಯೂಟರಿನಲ್ಲಿ ಸರ್ವರು.
ಕೇಳಿದೆ. ಹದಿನಾಲ್ಕು, ಅಂತು.
ಮತ್ತೆ ಕೇಳಿದೆ. ಹದಿನಾಲ್ಕು.
ಮೈ ಜುಂ ಅಂತು, ಖರೇ ಹೇಳ್ತೀನಿ.

ಗೇಟಿನಲ್ಲಿ ಮೈಬೂಬಸಾಬರ ಫೋನಿಗೆ ಮಾತ್ರ
ಕೆಂಪಕ್ಷರ ಒಂದೇ ಗೊತ್ತು:
ಸಂಪರ್ಕ ನಿರಾಕರಿಸಲಾಗಿದೆ.
"ಯಾರು ನಿರಾಕರಿಸ್ಯಾರ್ರಿ?" ಅಂದರು.
ಪ್ರಶ್ನೆ ಸರಿಯೇ ಇತ್ತು. ನನಗೆ ಗೊತ್ತಿರಲಿಲ್ಲ.

ವೈರು ಕಿತ್ತು ಹಾಕಿದೆ.
ರೌಟರಿನ ಮೇಲಿನ ಹೊಟ್ಟಿನ ಧೂಳು ಊದಿದೆ.
ಫೋನು ಆರಿಸಿದೆ, ಹಚ್ಚಿದೆ, ಮತ್ತೆ ಆರಿಸಿದೆ.
ನಿಂಬೆಹಣ್ಣು ಇಳಿ ತೆಗೆಯುವುದೊಂದು ಬಾಕಿ.

ನಾಲ್ಕನೇ ರಾತ್ರಿ, ಹಂಚಿನ ಮೇಲೆ
ರೊಟ್ಟಿಯ ಒಂದು ಮಗ್ಗಲು ಕರಕಾಗುವಾಗ
ಹೊಳೆಯಿತು:
ವಿಳಾಸದ ಜಾಗದಲ್ಲಿ ನಾನು ಬರೆದದ್ದು ಲೋಕಲ್‌ಹೋಸ್ಟ್.
ಅಂದರೆ, ಇದೇ ಮನೆ.
ಮೇಜಿನ ಮೇಲೆ ಅದು ನನ್ನ ಸರ್ವರಿನ ಮನೆ,
ಫೋನಿನೊಳಗೆ ಹೋದಮೇಲೆ ಫೋನಿನದೇ ಮನೆ.
ಪಾಪ, ಅದು ಮೂರು ದಿನ
ತನ್ನ ಬಾಗಿಲನ್ನು ತಾನೇ ಬಡಿದು
ಒಳಗೆ ಯಾರೂ ಇಲ್ಲ ಅಂತ
ನನಗೆ ಬಂದು ಬಂದು ಹೇಳುತ್ತಿತ್ತು.

ಎಷ್ಟು ಮಂದಿಯನ್ನು ಹೀಗೆ ಕಳಿಸಿದ್ದೇನೋ,
"ಅಲ್ಲೇ ಅದ ನೋಡ್ರಿ" ಅಂತ ಕೈ ಮಾಡಿ,
ನನ್ನ ಅಲ್ಲಿ ಅವರ ಅಲ್ಲಿ ಅಲ್ಲವೆಂದು ತಿಳಿಯದೆ.

ಅಂಕಿಯ ವಿಳಾಸ ಬರೆದೆ. ಕೆಂಪು ಹೋಯಿತು.
ಉತ್ತರದ ಜಾಗ ಖಾಲಿ.
ಖಾಲಿ ಕೆಂಪಿಗಿಂತ ಕೆಟ್ಟದ್ದು.
ಕೆಂಪು ಬೈಯುತ್ತದೆ, ಖಾಲಿ ಮುಖ ತಿರುವುತ್ತದೆ.
ಸರ್ವರು ಬರೆದಿಟ್ಟ ಲೆಕ್ಕ ತೆಗೆದು ಓದಿದೆ:
ಕೇಳಿದರು, ಕೊಟ್ಟೆ. ಕೇಳಿದರು, ಕೊಟ್ಟೆ.
ಕೊಟ್ಟದ್ದು ಹೌದು. ಮುಟ್ಟಿದ್ದೂ ಹೌದು.
ಆದರೆ ಇಲ್ಲಿ ಪಾಳಿಗೆ ಇಂಗ್ಲಿಷಿನ ಎರಡು ಎ ಹಾಕಿದ್ದೆ,
ಅಲ್ಲಿ ಒಂದು.
ಒಂದು ದೀರ್ಘದ ಅಂತರ, ಅಷ್ಟೇ.
ಮೂರನೇ ಕ್ಲಾಸಿನಲ್ಲಿ ಇದೇ ತಪ್ಪಿಗೆ
ಅಂಬವ್ವ ಟೀಚರು ಹಿಂಡಿದ್ದ ಕಿವಿ
ಮತ್ತೆ ಬಿಸಿಯಾಯಿತು.

ರಾತ್ರಿಯೇ ತಿದ್ದಿ, ಬೆಳಕು ಹರಿಯುತ್ತಲೇ ಬಂದೆ.
ಮನೆಯಲ್ಲಿ ಯಾರೋ ಕಾಯಿಪಲ್ಲೆ ರಾಶಿ ಹಾಕಿಕೊಂಡು
ಹೆಚ್ಚುತ್ತಿದ್ದದ್ದು ಕಂಡಿತ್ತು, ಯಾಕಂತ ಕೇಳಿರಲಿಲ್ಲ.
ಚಳಿ. "ಒತ್ತಿರಿ" ಅಂದೆ.
ಮೈಬೂಬಸಾಬರು ಹೆಬ್ಬೆರಳನ್ನು ಪೈಜಾಮಕ್ಕೆ ಒರೆಸಿ
ಒತ್ತಿದರು.

ಸೊನ್ನೆ.

ಎದೆ ಧಸಕ್ಕೆಂದಿತು. ಮತ್ತೇನು ಮುರಿಯಿತು?
ಒಳಗೋಡಿ ಸಾಲು ಸಾಲಿಗೆ ಬೆರಳಿಟ್ಟು ಓದಿದೆ.
ಎಲ್ಲ ಸರಿ ಇತ್ತು.
ಎಲ್ಲ ಸರಿ ಇದ್ದೂ ಸೊನ್ನೆ.

ಅವರೇ ಕಿಟಕಿಗೆ ಬಂದು ನಕ್ಕರು.
"ಒಮ್ಮೆ ಹೊರಗ ನೋಡ್ರಿ. ಇವತ್ತು ಎಳ್ಳಮಾಸಿ.
ಮಂದಿ ಎಲ್ಲಾ ಬಜ್ಜಿ ಗಡಗಿ ಹೊತ್ಕೊಂಡು
ಹೊಲಕ್ಕ ಹೊಂಟಾರ. ಇಲ್ಲಿ ಯಾರ್ ಬರ್ತಾರ?"

ಅಂಗಳದಲ್ಲಿ ಟಯರಿನ ಗೆರೆ,
ಚೆಲ್ಲಿದ ತೊಗರಿ, ಅದನ್ನು ಹೆಕ್ಕುವ ಪಾರಿವಾಳ.
ಕಾಟಾದ ಹಲಗೆ ಇಬ್ಬನಿ ಹೊತ್ತು ಸುಮ್ಮನಿತ್ತು.
ಹನ್ನೊಂದು ವರ್ಷ ಎಣಿಸಿದವಳ ಕಣ್ಣಿಗಿಂತ ಮೊದಲು
ಅದು ಖರೇ ಹೇಳಿತ್ತು.

ಅವರು ಇನ್ನೊಮ್ಮೆ ಒತ್ತಿದರು,
ಹುಡುಗರ ಹಾಗೆ ಇನ್ನೂ ಒಮ್ಮೆ.
"ನಿಮ್ಮ ಮುಂದ ಯಾರೂ ಇಲ್ರಿ ಅಕ್ಕೋರೆ," ಅಂದರು,
"ನಡೀರಿ ಮನಿಗಿ."